ಶಾಲೆ ಗೋಡೆ ಮೇಲೆ ಮತ್ತೆ ಅದೇ ಹಸಿರು ಭೂಮಿ ಬರೆಯಬೇಕಾ? ನಿಮ್ಮನ್ನು ನಿಜವಾಗಿ ತಟ್ಟಿದ ಪರಿಸರದ ಕಲೆ ಯಾವುದು ಹೇಳಿ

ಚಿತ್ರದ ಮೇಷ್ಟ್ರು
ಮೇ 11, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. 19 ವರ್ಷ ಆಯ್ತು. ಜೂನ್ 5 ಪರಿಸರ ದಿನ ಅಲ್ವಾ, ಶಾಲೆ ಕಾಂಪೌಂಡಿಗೆ ಚಿತ್ರ ಬರೆಸಿ ಅಂತ ಹೇಳಿದ್ದಾರೆ. ರಸ್ತೆ ಕಡೆಯ ಗೋಡೆ. 80 ಅಡಿ ಉದ್ದ, 5 ಅಡಿ ಎತ್ತರ. ಬಣ್ಣದ ದುಡ್ಡು ಊರಿನವರೇ ಸೇರಿಸಿ ಕೊಟ್ಟಿದ್ದಾರೆ.

ಏನು ಬರೆಯಬೇಕು ಅಂತಲೂ ಹೇಳಿದ್ದಾರೆ. ಎರಡು ಕೈ, ಕೈಯಲ್ಲಿ ಭೂಮಿಯ ಗುಂಡು, ಗುಂಡಿನ ಮೇಲೆ ಒಂದು ಗಿಡ. ಪಕ್ಕದಲ್ಲಿ 'ಕಾಡು ಬೆಳೆಸಿ, ನಾಡು ಉಳಿಸಿ'. ಈ ಚಿತ್ರವನ್ನು ನಾನೇ ಹತ್ತು ಸಲ ಬರೆದಿರಬಹುದು. ಅದರ ಮುಂದೆ ಒಬ್ಬರಾದರೂ ನಿಂತು ನೋಡಿದ್ದನ್ನು ನಾನು ಕಂಡಿಲ್ಲ.

ಗೋಡೆಯ ಎದುರಿಗೇ ಊರ ಕೆರೆ. ಕೆರೆ ಅನ್ನುವುದಕ್ಕೆ ಈಗ ಬಾಯಿ ಬರುವುದಿಲ್ಲ. ನಾನು ಬಂದ ಹೊಸದರಲ್ಲಿ ಒಳ್ಳೆ ಮಳೆ ಆದ ವರ್ಷ ಕೋಡಿ ಬೀಳುತ್ತಿತ್ತು. ಈಗ ಒಂದು ಕಡೆ ಲೇಔಟ್, ಒಂದು ಕಡೆ ಜಾಲಿ, ಉಳಿದ ನೀರಿನ ಮೇಲೆಲ್ಲ ಅಂತರಗಂಗೆ. ಇದನ್ನು ಬೆನ್ನ ಹಿಂದೆ ಇಟ್ಟುಕೊಂಡು ಆ ಹಸಿರು ಗುಂಡು ಬರೆಯಲು ಈ ಸಲ ಮನಸ್ಸು ಒಪ್ಪುತ್ತಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಪರಿಸರ ಹಾಳಾಗುವುದನ್ನು ತೋರಿಸಿದ ಯಾವ ಕಲೆ ನಿಮ್ಮನ್ನು ತಟ್ಟಿತು? ಚಿತ್ರ, ಫೋಟೋ, ನಾಟಕ, ಆಟ, ಏನಾದರೂ ಸರಿ. ತಟ್ಟಿದ ಮೇಲೆ ಏನಾಯ್ತು ಅಂತಲೂ ಬರೆಯಿರಿ. ನನಗೆ ಅದೇ ಮುಖ್ಯ.


ಬೆಳ್ಳಂದೂರು ಬದಿಯವಳು
ಮೇ 11, ರಾತ್ರಿ 10:25

ಮೇಷ್ಟ್ರೇ, ನನ್ನ ಮನೆ ಬೆಳ್ಳಂದೂರು ಕೆರೆ ಹತ್ತಿರ. 2015ರಲ್ಲಿ ಕೆರೆಗೆ ಬೆಂಕಿ ಬಿತ್ತು. 2017ರಲ್ಲಿ ಮತ್ತೆ ಬಿತ್ತು. ನೀರು ಉರಿಯುವುದನ್ನು ಕಣ್ಣಾರೆ ನೋಡಿದವಳು ನಾನು. ಆದರೆ ಪ್ರಪಂಚಕ್ಕೆಲ್ಲ ಗೊತ್ತಾಗಿದ್ದು ನೊರೆಯ ಫೋಟೋಗಳಿಂದ. ಆ ಫೋಟೋಗಳಲ್ಲಿ ಒಂದು ತೊಂದರೆ ಇತ್ತು. ತುಂಬಾ ಚೆನ್ನಾಗಿ ಕಾಣುತ್ತಿದ್ದವು. ಬೆಳಗಿನ ಬಿಸಿಲು, ಬೆಳ್ಳಗಿನ ನೊರೆ ರಸ್ತೆಗೆ ಹಾರಿ ಬರುತ್ತಿದೆ, ಹಿಂದೆ ದೊಡ್ಡ ಕಟ್ಟಡಗಳು. ಊರಿಂದ ನನ್ನ ಅಕ್ಕನ ಮಗ ಫೋನ್ ಮಾಡಿ "ಚಿಕ್ಕಮ್ಮ, ನಿಮ್ಮಲ್ಲಿ ಹಿಮ ಬೀಳುತ್ತಂತೆ" ಅಂದ. ವಾಸನೆ ಫೋಟೋದಲ್ಲಿ ಬರುವುದಿಲ್ಲ. ಮೈಗೆ ತಾಗಿದರೆ ತುರಿಕೆ ಆಗುವುದೂ ಬರುವುದಿಲ್ಲ.

ನನ್ನನ್ನು ತಟ್ಟಿದ್ದು ಬೇರೆ ಫೋಟೋ. ಕ್ರಿಸ್ ಜೋರ್ಡನ್ ಅನ್ನುವ ಅಮೆರಿಕದ ಫೋಟೋಗ್ರಾಫರ್ 2009ರಲ್ಲಿ ಪೆಸಿಫಿಕ್ ಸಾಗರದ ನಡುವಿನ ಮಿಡ್‌ವೇ ದ್ವೀಪಕ್ಕೆ ಹೋಗಿ ತೆಗೆದದ್ದು. ಆಲ್ಬಟ್ರಾಸ್ ಹಕ್ಕಿಯ ಸತ್ತ ಮರಿಗಳು. ಗರಿ, ಮೂಳೆ ಕರಗಿ ಮಣ್ಣಾಗುತ್ತಿವೆ. ಹೊಟ್ಟೆ ಇದ್ದ ಜಾಗದಲ್ಲಿ ಮಾತ್ರ ಬಾಟಲಿ ಮುಚ್ಚಳ, ಲೈಟರ್, ಪ್ಲಾಸ್ಟಿಕ್ ಚೂರುಗಳು ಹಾಗೇ ಉಳಿದಿವೆ. ಸಮುದ್ರದ ಮೇಲೆ ತೇಲುತ್ತಿದ್ದದ್ದನ್ನು ತಾಯಿ ಹಕ್ಕಿಯೇ ಆಹಾರ ಅಂತ ತಂದು ಮರಿಯ ಬಾಯಿಗೆ ಹಾಕಿದ್ದು. ಫೋಟೋ ತೆಗೆಯುವಾಗ ಅವರು ಒಂದು ಚೂರನ್ನೂ ಅತ್ತಿತ್ತ ಸರಿಸಲಿಲ್ಲ. ಹೇಗಿತ್ತೋ ಹಾಗೆ ತೆಗೆದರು.

ನನ್ನ ಮಗಳಿಗೆ ಆಗ ಏಳು ತಿಂಗಳು. ಬಾಟಲಿ ಹಾಲು ಕುಡಿಸುತ್ತಾ ಫೋನಿನಲ್ಲಿ ಅದನ್ನು ನೋಡಿದೆ. ಇನ್ನೂ ಮರೆತಿಲ್ಲ.

ಆಮೇಲೆ ಏನಾಯ್ತು ಅಂದರೆ, ಬಟ್ಟೆ ಒಗೆಯುವ ಪುಡಿಯ ಪ್ಯಾಕೆಟ್ ಓದಲು ಶುರು ಮಾಡಿದೆ. ಸುಮ್ನೆ ಅಲ್ಲ. ನಮ್ಮ ಕೆರೆಯ ನೊರೆಗೆ ಮನೆಗಳಿಂದ ಶುದ್ಧ ಮಾಡದೆ ಬಿಟ್ಟ ಕೊಳಚೆ ನೀರು, ಅದರಲ್ಲಿನ ಡಿಟರ್ಜೆಂಟು ದೊಡ್ಡ ಕಾರಣ. ನಮ್ಮ ಅಪಾರ್ಟ್‌ಮೆಂಟಿನ ಶುದ್ಧೀಕರಣ ಘಟಕ ಕೆಟ್ಟು ನಿಂತು ಎಷ್ಟು ದಿನ ಆಗಿದೆ ಅಂತ ಮೀಟಿಂಗಿನಲ್ಲಿ ಮೊದಲು ಎದ್ದು ಕೇಳಿದ್ದು ನಾನು.


ಲೆಕ್ಕದ ಮನುಷ್ಯ
ಮೇ 12, ಬೆಳಿಗ್ಗೆ 6:50

ನನಗೆ ಈ ವಿಷಯದಲ್ಲಿ ಅನುಮಾನ ಜಾಸ್ತಿ. ಬೇಜಾರಾಗಬೇಡಿ.

2015ರ ಡಿಸೆಂಬರಿನಲ್ಲಿ ಕೆಲಸದ ಮೇಲೆ ಪ್ಯಾರಿಸ್‌ನಲ್ಲಿದ್ದೆ. ಹವಾಮಾನ ಸಮ್ಮೇಳನ ನಡೆಯುತ್ತಿತ್ತು. ಪಾಂಥಿಯೋನ್ ಅನ್ನುವ ಹಳೆ ಕಟ್ಟಡದ ಮುಂದಿನ ಚೌಕದಲ್ಲಿ ಓಲಾಫರ್ ಎಲಿಯಾಸನ್ ಅನ್ನುವ ಕಲಾವಿದರು 12 ದೊಡ್ಡ ಮಂಜುಗಡ್ಡೆಗಳನ್ನು ಗಡಿಯಾರದ ಅಂಕಿಗಳ ಹಾಗೆ ಸುತ್ತಲೂ ಇಟ್ಟಿದ್ದರು. ಗ್ರೀನ್‌ಲ್ಯಾಂಡಿನ ಹಿಮರಾಶಿಯಿಂದ ಕಳಚಿ ನೀರಿನಲ್ಲಿ ತೇಲುತ್ತಿದ್ದ ಗಡ್ಡೆಗಳು. ಜನ ಬಂದು ಮುಟ್ಟುತ್ತಿದ್ದರು, ಕಿವಿ ಇಟ್ಟು ಕೇಳುತ್ತಿದ್ದರು. ಗಡ್ಡೆ ಕರಗುವಾಗ ಒಳಗೆ ಸೇರಿಕೊಂಡಿದ್ದ ಸಾವಿರಾರು ವರ್ಷದ ಗಾಳಿ ಚಟಚಟ ಅಂತ ಹೊರಗೆ ಬರುತ್ತದೆ. ನಾನೂ ಕೇಳಿದೆ. ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ.

ಆದರೆ ಅಷ್ಟು ದೂರದಿಂದ ತರಲು ಆದ ಇಂಗಾಲದ ಹೊರೆ ಸುಮಾರು 30 ಟನ್. ಇದನ್ನು ಅವರೇ ಲೆಕ್ಕ ಹಾಕಿಸಿ ಪ್ರಕಟಿಸಿದರು. ಆ ಪ್ರಾಮಾಣಿಕತೆಗೆ ಗೌರವ ಇದೆ. ನನ್ನ ಪ್ರಶ್ನೆ ನನ್ನ ಬಗ್ಗೆಯೇ. ನಾನು ಕೈ ಒರೆಸಿಕೊಂಡು ಹೋಟೆಲಿಗೆ ಹೋದೆ, ಎರಡು ದಿನ ಬಿಟ್ಟು ವಿಮಾನದಲ್ಲಿ ವಾಪಸ್ ಬಂದೆ. ಬದುಕಿನಲ್ಲಿ ಒಂದೂ ಬದಲಾಗಲಿಲ್ಲ. ಮೇಷ್ಟ್ರು ಕೇಳಿದ್ದು 'ಆಮೇಲೆ ಏನಾಯ್ತು' ಅಂತ. ನನ್ನ ಉತ್ತರ: ಏನೂ ಆಗಲಿಲ್ಲ.


ಕಾಸೆಲ್‌ನಿಂದ ಕನ್ನಡತಿ
ಮೇ 12, ಮಧ್ಯಾಹ್ನ 1:15

ಲೆಕ್ಕದ ಮನುಷ್ಯರೇ, ನೀವು ಬರೆದದ್ದು ಓದಿ ನಮ್ಮ ಬೀದಿಯ ಮರದ ನೆನಪಾಯ್ತು.

ನಾನು ಜರ್ಮನಿಯ ಕಾಸೆಲ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಬಂದ ಹೊಸದರಲ್ಲಿ ಒಂದು ವಿಷಯ ಗೊತ್ತಾಗುತ್ತಿರಲಿಲ್ಲ. ಎಲ್ಲಿ ನೋಡಿದರೂ ಮರದ ಪಕ್ಕ ಒಂದು ಕಪ್ಪು ಕಲ್ಲು. ಸೊಂಟದೆತ್ತರ. ನಮ್ಮ ಕಡೆ ಅರಳಿಕಟ್ಟೆ ಹತ್ತಿರ ನಾಗರಕಲ್ಲು ನೆಟ್ಟಿರುತ್ತಾರಲ್ಲ, ಮನಸ್ಸು ಸೀದಾ ಅಲ್ಲಿಗೆ ಹೋಯಿತು. ಪಕ್ಕದ ಮನೆ ಅಜ್ಜಿಯನ್ನು ಕೇಳಿದೆ. ಅವರು ಹೇಳಿದ ಕತೆ ಇದು.

1982ರಲ್ಲಿ ಇಲ್ಲಿನ ದೊಡ್ಡ ಕಲಾಮೇಳಕ್ಕೆ, ಅದಕ್ಕೆ ಡಾಕ್ಯುಮೆಂಟಾ ಅನ್ನುತ್ತಾರೆ, ಜೋಸೆಫ್ ಬಾಯ್ಸ್ ಅನ್ನುವ ಕಲಾವಿದರು ಒಂದು ಕೆಲಸ ತಂದರು. ಮ್ಯೂಸಿಯಂ ಮುಂದಿನ ಹುಲ್ಲುಹಾಸಿನ ಮೇಲೆ 7000 ಬಸಾಲ್ಟ್ ಕಲ್ಲು ಸುರಿಸಿದರು. ಒಂದು ಮರ ನೆಟ್ಟರೆ ಮಾತ್ರ ಒಂದು ಕಲ್ಲು ಅಲ್ಲಿಂದ ಏಳಬೇಕು, ಮರದ ಪಕ್ಕ ನಿಲ್ಲಬೇಕು. ಒಂದು ಮರಕ್ಕೆ 500 ಮಾರ್ಕ್ ಕಾಣಿಕೆ. ಊರಿನ ನಟ್ಟನಡುವೆ ಕಲ್ಲಿನ ರಾಶಿ, ನೋಡಲು ಅಸಹ್ಯ ಅಂತ ಜನ ಬೈದರಂತೆ. ಆದರೆ ಅದನ್ನು ತೆಗೆಯಲು ಇದ್ದದ್ದು ಒಂದೇ ದಾರಿ. ಗಿಡ ನೆಡುವುದು.

ಐದು ವರ್ಷ ಹಿಡಿಯಿತು. ನಡುವೆ 1986ರಲ್ಲಿ ಬಾಯ್ಸ್ ತೀರಿಕೊಂಡರು. ಕೊನೆಯ ಮರ ನೆಟ್ಟಿದ್ದು ಅವರ ಮಗ, 1987ರಲ್ಲಿ. ರಾಶಿ ಪೂರ್ತಿ ಖಾಲಿ. ಗಿಡ ಇದ್ದಾಗ ಕಲ್ಲೇ ದೊಡ್ಡದು. ಈಗ ಓಕ್ ಮರಗಳು ಮೂರು ಮಹಡಿ ಎತ್ತರ ಆಗಿವೆ, ಕಲ್ಲು ಬುಡದಲ್ಲಿ ಸಣ್ಣಗೆ ಕೂತಿದೆ. ಬೇಸಿಗೆಯಲ್ಲಿ ನನ್ನ ಮಗನನ್ನು ಆ ನೆರಳಿನಲ್ಲೇ ಶಾಲೆಗೆ ನಡೆಸಿಕೊಂಡು ಹೋಗುತ್ತೇನೆ.

ಪ್ಯಾರಿಸ್ಸಿನ ಮಂಜು ನೋಡಿದವರ ಕೈಗೆ ಮುಂದಿನ ಕೆಲಸ ಏನು ಅಂತ ಸಿಗಲಿಲ್ಲ. ಇಲ್ಲಿ ಕೆಲಸ ಮಾಡದೆ ಚಿತ್ರವೇ ಮುಗಿಯುತ್ತಿರಲಿಲ್ಲ. ಇಷ್ಟೇ ನನಗೆ ಹೊಳೆದದ್ದು, ಮೇಷ್ಟ್ರೇ.


ಮಾಗಡಿ ರಸ್ತೆ
ಮೇ 12, ಮಧ್ಯಾಹ್ನ 2:02

ಅಕ್ಕಾ, ಅದು ಕಲೆ ಅಂದರೆ ನಮ್ಮ ಸಾಲುಮರದ ತಿಮ್ಮಕ್ಕ ಮಾಡಿದ್ದು ಏನು? ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿಯಲ್ಲಿ 385 ಆಲದ ಮರ. ಗಂಡ ಹೆಂಡತಿ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ್ದು. ಹಣ ಕೊಟ್ಟವರು ಯಾರೂ ಇರಲಿಲ್ಲ, ನೋಡಿ ಚಪ್ಪಾಳೆ ತಟ್ಟಿದವರೂ ಇರಲಿಲ್ಲ.


ಕಾಸೆಲ್‌ನಿಂದ ಕನ್ನಡತಿ
ಮೇ 12, ಮಧ್ಯಾಹ್ನ 2:30

ಅಣ್ಣ, ನನಗೆ ಎರಡೂ ಒಂದೇ ಸಾಲಿನಲ್ಲಿ ಕಾಣುತ್ತವೆ. ಇಲ್ಲಿನ ಗೆಳತಿಯರಿಗೆ ತಿಮ್ಮಕ್ಕನ ಕತೆ ಹೇಳಿದಾಗ ಅವರು ಮೊದಲು ಕೇಳಿದ್ದು, "ಗಿಡಗಳನ್ನು ದನ ತಿನ್ನಲಿಲ್ವಾ?" ಅಂತ. ಮುಳ್ಳಿನ ಬೇಲಿ ಕಟ್ಟಿದ್ದರು ಅಂದೆ. ಆಮೇಲೆ ಅರ್ಧ ಗಂಟೆ ಅದೇ ಮಾತು.


ಘಟ್ಟದ ಮೇಲಿನವ
ಮೇ 12, ರಾತ್ರಿ 8:45

ಶಿರಸಿ ಕಡೆಯವನು ನಾನು. ಅಪ್ಪಿಕೋ ಹೆಸರು ಯಾರೂ ಎತ್ತಲಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ.

1983ರ ಸೆಪ್ಟೆಂಬರ್ 8. ಸಾಲ್ಕಣಿ ಕಾಡು. ಮರ ಕಡಿಯುವವರು ಬಂದಾಗ ಊರಿನ ಗಂಡಸರು, ಹೆಂಗಸರು, ಹುಡುಗರು ಹೋಗಿ ಮರ ತಬ್ಬಿಕೊಂಡು ನಿಂತರು. 38 ದಿನ ನಡೆಯಿತು, ಕಡಿಯುವುದು ನಿಂತಿತು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಸುತ್ತಲಿನ ಊರೂರಿಗೆ ಮಾತು ಹೋಗಿದ್ದು ಹೇಗೆ? ಆಗ ಮನೆಗಳಲ್ಲಿ ಟಿವಿ ಇಲ್ಲ. ಪತ್ರಿಕೆ ಒಂದು ದಿನ ತಡವಾಗಿ ಬರುತ್ತಿತ್ತು. ಪಾದಯಾತ್ರೆ ಮಾಡಿದರು, ಸ್ಲೈಡ್ ತೋರಿಸಿದರು, ಬೀದಿ ನಾಟಕ ಆಡಿದರು, ಯಕ್ಷಗಾನ ಆಡಿದರು.

ನನ್ನ ಅಪ್ಪ ಆಗ ಇಪ್ಪತ್ತೆರಡರ ಹುಡುಗ. ಗದ್ದೆ ಬಯಲಿನಲ್ಲಿ ನಡೆದ ಅಂಥ ಒಂದು ಆಟದ ಬಗ್ಗೆ ಈಗಲೂ ಹೇಳುತ್ತಾರೆ. ಚಂಡೆ ಏರುತ್ತಾ ಇದೆ, ಬಣ್ಣದ ವೇಷ ಕೊಡಲಿ ಹಿಡಿದು ರಂಗಕ್ಕೆ ಬಂತು. ರಾಕ್ಷಸ ಬಂದರೆ ಹೆದರಬೇಕು ಅಂತ ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಕೊಡಲಿ ನಾಳೆ ನಮ್ಮ ಬೆಟ್ಟಕ್ಕೂ ಬರುತ್ತದೆ ಅಂತ ಅರ್ಥ ಆಗಲು ಭಾಷಣವೂ ಬೇಕಾಗಲಿಲ್ಲ. ಆಟ ಮುಗಿದ ಮೇಲೆ ಜನ ಚಾಪೆ ಸುತ್ತಿಕೊಂಡು ಹೋಗಲಿಲ್ಲವಂತೆ. ಅಲ್ಲೇ ಕೂತು ಬೆಳಗಿನವರೆಗೆ ಮಾತಾಡಿದರಂತೆ. ನೀರಿನ ಒರತೆ ಯಾವ ವರ್ಷದಿಂದ ಬೇಸಿಗೆಯಲ್ಲಿ ಬತ್ತುತ್ತಿದೆ, ಅಡಿಕೆ ತೋಟಕ್ಕೆ ಸೊಪ್ಪು ತರಲು ಎಷ್ಟು ದೂರ ಹೋಗಬೇಕಾಗಿದೆ, ಇದೇ ಮಾತು.

'ಉಳಿಸು, ಬೆಳೆಸು, ಬಳಸು' ಅನ್ನುವುದು ಅವರ ಘೋಷಣೆ. ಮದ್ದಳೆಯ ಮೂರು ಪೆಟ್ಟಿನ ಹಾಗಿದೆ. ಒಂದು ಸಲ ಕೇಳಿದರೆ ಬಾಯಲ್ಲಿ ಕೂರುತ್ತದೆ. ಅಪ್ಪಿಕೋ ಅನ್ನುವ ಹೆಸರೇ ನೋಡಿ. ಏನು ಮಾಡಬೇಕು ಅಂತ ಅದೇ ಹೇಳುತ್ತದೆ.

ಮೇಷ್ಟ್ರೇ, ಹೊಸದನ್ನು ಹುಡುಕುವುದಕ್ಕಿಂತ ನಿಮ್ಮ ಊರಿನ ಜನ ಈಗಾಗಲೇ ಏನನ್ನು ನಿಂತು ನೋಡುತ್ತಾರೆ, ಅದನ್ನು ಗಮನಿಸಿ.


ಹಸೆಗೋಡೆ
ಮೇ 12, ರಾತ್ರಿ 9:30

ಸಾಗರದ ಹತ್ತಿರದವಳು. ನಮ್ಮ ಅಜ್ಜಿ ಚಿತ್ತಾರ ಬರೆಯುತ್ತಿದ್ದರು. ದೀವರ ಮನೆಗಳಲ್ಲಿ ಮದುವೆಗೆ ಹಸೆ ಚಿತ್ತಾರ ಇಲ್ಲದೆ ನಡೆಯುವುದಿಲ್ಲ.

ಮೇಷ್ಟ್ರು ಬಣ್ಣಕ್ಕೆ ದುಡ್ಡು ಅಂದರಲ್ಲ, ಅಲ್ಲೇ ನನ್ನ ಮನಸ್ಸು ನಿಂತಿತು. ಅಜ್ಜಿ ಅಂಗಡಿಯಿಂದ ಬಣ್ಣ ತಂದವರಲ್ಲ. ಗೋಡೆಗೆ ಕೆಮ್ಮಣ್ಣು. ಬಿಳಿಗೆ ಅಕ್ಕಿ ಅರೆದ ಹಿಟ್ಟು. ಕಪ್ಪಿಗೆ ಅಕ್ಕಿಯನ್ನೇ ಕಪ್ಪಾಗುವವರೆಗೆ ಹುರಿದದ್ದು. ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ಒಂದೊಂದು ಎಳೆ ದಾರದಷ್ಟು ಸಣ್ಣಗೆ ಬರುತ್ತಿತ್ತು. ಗುರಿಗೆ ಹುಡುಕಿಕೊಂಡು ಅಜ್ಜಿ ನನ್ನನ್ನು ಕಾಡಿಗೆ ಕರೆದುಕೊಂಡು ಹೋಗುತ್ತಿದ್ದರು. ಅವರ ಕೊನೆಯ ವರ್ಷಗಳಲ್ಲಿ ಮೂರು ಸಲ ಹೋಗಿ ಖಾಲಿ ಕೈಯಲ್ಲಿ ಬಂದೆವು. ಆ ಜಾಗದಲ್ಲಿ ಅಕೇಶಿಯಾ ನೆಟ್ಟಿದ್ದರು. ಆ ವರ್ಷದ ಮದುವೆಗೆ ಹಳದಿಯನ್ನು ಪೇಂಟ್ ಡಬ್ಬಿಯಿಂದ ಹಾಕಿದರು. ಅಜ್ಜಿ ಏನೂ ಅನ್ನಲಿಲ್ಲ. ಆದರೆ ಚಿತ್ತಾರ ಮುಗಿದ ಮೇಲೆ ದೂರ ನಿಂತು ನೋಡುವ ಅಭ್ಯಾಸ ಅವರಿಗೆ. ಅವತ್ತು ನೋಡದೆ ಒಳಗೆ ಹೋದರು. ಕಾಡು ಹಾಳಾಯ್ತು ಅಂತ ನನಗೆ ಗೊತ್ತಾಗಿದ್ದು ಅವತ್ತು.

ಎರಡು ಮಾತು ಹೇಳುತ್ತೇನೆ. ಅಂಗಡಿಯ ಎಮಲ್ಷನ್ ಬಣ್ಣವೂ ಒಂದು ತರದ ಪ್ಲಾಸ್ಟಿಕ್ಕೇ. ಕೆರೆ ಉಳಿಸಿ ಅಂತ ಬರೆದ ಬಣ್ಣ ಪುಡಿಯಾಗಿ ಮಳೆ ನೀರಿನ ಜೊತೆ ಕೆರೆಗೇ ಹೋಗುತ್ತದೆ. ಸುಣ್ಣ, ಕೆಮ್ಮಣ್ಣು ಬಳಸಿ. ಎರಡನೆಯದು, ದಯವಿಟ್ಟು ಚಿತ್ತಾರದ ಡಿಸೈನ್ ಎತ್ತಿ ನಿಮ್ಮ ಗೋಡೆಗೆ ಹಾಕಬೇಡಿ. ಈಗ ಎಲ್ಲ ಕಡೆ ಅದೇ ನಡೆದಿದೆ. ಅದು ಮದುವೆಯ ಹಸೆ. ನಿಮ್ಮ ಊರಿನ ಹೆಣ್ಣುಮಕ್ಕಳ ಕೈಯಲ್ಲಿ ಏನಿದೆಯೋ ಅದನ್ನು ಕೇಳಿ.


ಲೆಕ್ಕದ ಮನುಷ್ಯ
ಮೇ 13, ಬೆಳಿಗ್ಗೆ 7:05

ಒಂದು ತಿದ್ದುಪಡಿ. ಏನೂ ಆಗುವುದಿಲ್ಲ ಅಂತ ನಾನು ಅಂದದ್ದು ಪೂರ್ತಿ ಸರಿಯಲ್ಲ. 2015ರಲ್ಲೇ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ಬಾದಲ್ ನಂಜುಂಡಸ್ವಾಮಿ ರಸ್ತೆ ಗುಂಡಿಯ ನೀರಿನಲ್ಲಿ ಒಂದು ಫೈಬರ್ ಮೊಸಳೆ ಇಟ್ಟರಲ್ಲ, ಅದು ಕೆಲಸ ಮಾಡಿತು. ಪೇಪರಿನಲ್ಲಿ ಬಂತು, ಗುಂಡಿ ಮುಚ್ಚಿದರು.

ಯಾಕೆ ಅಂತ ರಾತ್ರಿ ಯೋಚಿಸಿದೆ. ಒಂದು, ಗುಂಡಿ ಎಲ್ಲಿದೆಯೋ ಮೊಸಳೆ ಅಲ್ಲೇ ಇತ್ತು. ಎರಡು, ಆ ಗುಂಡಿ ಯಾರ ಕೆಲಸ ಅಂತ ಎಲ್ಲರಿಗೂ ಗೊತ್ತಿತ್ತು. ಕೆರೆಗೆ ಈ ಎರಡನೆಯದು ಇಲ್ಲ. ಕಂದಾಯದವರು, ಸಣ್ಣ ನೀರಾವರಿಯವರು, ಪಂಚಾಯಿತಿಯವರು, ಹೀಗೆ ಹಂಚಿ ಹೋಗಿರುತ್ತದೆ. ಕೆರೆ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದೇ ಜನರ ಕಣ್ಣಿಗೆ ಕಾಣದಿದ್ದರೆ ಯಾರನ್ನು ಕೇಳಬೇಕು ಅಂತ ಹೇಗೆ ಗೊತ್ತಾಗುತ್ತದೆ?


ನೀರುಗಂಟಿ ಮೊಮ್ಮಗ
ಮೇ 13, ಬೆಳಿಗ್ಗೆ 11:20

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ. ನಮ್ಮ ತಾತ ನೀರುಗಂಟಿ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಅಂತ ಬಿಡುತ್ತಿದ್ದವರು.

ಬೆಂಗಳೂರನ್ನೇ ನೋಡಿ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ದಿನಾ ಲಕ್ಷಾಂತರ ಜನ ಓಡಾಡುತ್ತಾರೆ. ಅದು ಧರ್ಮಾಂಬುಧಿ ಕೆರೆಯ ಅಂಗಳ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿದೆ. ಅಲ್ಲಿ ಈಗ ಉಳಿದಿರುವುದು ಒಂದು ಸಣ್ಣ ಕೊಳ. ಆದರೂ ಕರಗದ ವಿಧಿಗೆ ಜನ ಅದನ್ನು ಮರೆಯದೆ ಅಲ್ಲಿಗೆ ಹೋಗುತ್ತಾರೆ. ಊರೆಲ್ಲ ಮರೆತ ಕೆರೆಯನ್ನು ಒಂದು ಆಚರಣೆ ನೆನಪಿಟ್ಟುಕೊಂಡಿದೆ.

ಈಗ ನಿಮ್ಮ ಕೆರೆ. ಮೊದಲು ಗ್ರಾಮ ನಕ್ಷೆ ತೆಗೆಸಿ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಇದು ಕಾಗದದ ಲೆಕ್ಕ. ನೀರಿನ ಲೆಕ್ಕ ಬೇರೆ, ಅದು ಇನ್ನೂ ಸುಲಭ. ಕೆರೆ ಎಷ್ಟು ತುಂಬಬಹುದು ಅಂತ ತೀರ್ಮಾನ ಮಾಡುವುದು ಕೋಡಿ. ಕೋಡಿ ಕಲ್ಲಿನ ಮಟ್ಟ ದಾಟಿದರೆ ನೀರು ಹರಿದು ಹೋಗುತ್ತದೆ. ಅಂದರೆ ಕೋಡಿಯ ಎತ್ತರವೇ ತುಂಬಿದ ಕೆರೆಯ ಎತ್ತರ. ನೀರು ಎಲ್ಲ ಕಡೆ ಒಂದೇ ಮಟ್ಟ ನಿಲ್ಲುತ್ತದೆ. ಗಾರೆ ಕೆಲಸದವರ ಹತ್ತಿರ ಉದ್ದದ ಪಾರದರ್ಶಕ ಪೈಪ್ ಇರುತ್ತದಲ್ಲ, ನೀರು ತುಂಬಿ ಮಟ್ಟ ನೋಡುವುದು. ಅದನ್ನು ಹಿಡಿದು ಕೋಡಿ ಕಲ್ಲಿನಿಂದ ಹೊರಡಿ. ಮಟ್ಟವನ್ನು ಸ್ವಲ್ಪ ಸ್ವಲ್ಪವೇ ಸಾಗಿಸಿಕೊಂಡು ಬಂದರೆ ಹಳೆ ನೀರು ಊರಿನಲ್ಲಿ ಎಲ್ಲಿಯವರೆಗೆ ಇತ್ತು ಅಂತ ಗೊತ್ತಾಗುತ್ತದೆ. ಕೋಡಿ ಕಲ್ಲು ಹಳೆಯದೇ ಇದೆಯಾ, ಯಾರಾದರೂ ಒಡೆದಿದ್ದಾರಾ ನೋಡಿಕೊಳ್ಳಿ.


ಹಡ್ಸನ್ ದಡದಿಂದ
ಮೇ 13, ಸಂಜೆ 6:10

ಮೇಲಿನದನ್ನು ಓದಿ ತಡೆಯಲಾಗಲಿಲ್ಲ. ಇದನ್ನೇ ಒಬ್ಬ ಕಲಾವಿದೆ ನ್ಯೂಯಾರ್ಕ್‌ನಲ್ಲಿ ಮಾಡಿದ್ದಾರೆ. ಈವ್ ಮೋಶರ್. 2007ರಲ್ಲಿ. ಆಟದ ಮೈದಾನಕ್ಕೆ ಬಿಳಿ ಗೆರೆ ಹಾಕುವ ತಳ್ಳುಗಾಡಿ ತೆಗೆದುಕೊಂಡು, ಸಮುದ್ರ ಮಟ್ಟಕ್ಕಿಂತ 10 ಅಡಿ ಎತ್ತರದ ಗೆರೆಯನ್ನು ಬೀದಿ ಬೀದಿಯಲ್ಲಿ ಎಳೆಯುತ್ತಾ ಹೋದರು. ಬ್ರೂಕ್ಲಿನ್, ಮ್ಯಾನ್‌ಹಟನ್ ಸೇರಿ 110 ಕಿಲೋಮೀಟರಿಗೂ ಜಾಸ್ತಿ. ಜೋರು ಬಿರುಗಾಳಿ ಬಂದರೆ ನೀರು ಇಲ್ಲಿಯವರೆಗೆ ಬರಬಹುದು ಅಂತ ತೋರಿಸಲು. ಇದೇನಮ್ಮ ಅಂತ ಕೇಳಿದವರ ಹತ್ತಿರ ನಿಂತು ಮಾತಾಡುತ್ತಿದ್ದರು. ಆ ಮಾತೇ ಅವರ ಕಲೆ ಅಂತ ನನಗನ್ನಿಸುತ್ತದೆ.

2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಬಂತು. ಆ ಗೆರೆ ಹಾದುಹೋಗಿದ್ದ ಎಷ್ಟೋ ಬೀದಿಗಳಿಗೆ ನೀರು ನುಗ್ಗಿತು. ನಾನಿದ್ದ ಕಡೆ ನಾಲ್ಕು ದಿನ ಕರೆಂಟ್ ಇರಲಿಲ್ಲ.


ಚಿತ್ರದ ಮೇಷ್ಟ್ರು
ಮೇ 13, ರಾತ್ರಿ 8:00

ಎಲ್ಲರಿಗೂ ಕೈ ಮುಗಿಯುತ್ತೇನೆ. ಮೂರು ದಿನದಲ್ಲಿ ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ.

ತೀರ್ಮಾನ ಮಾಡಿದೆ. ಭಾನುವಾರ ಗಾರೆಯವರನ್ನು ಕರೆದುಕೊಂಡು ಕೋಡಿಯಿಂದ ಮಟ್ಟ ಹಿಡಿಯುತ್ತೇನೆ. ಮಕ್ಕಳ ಜೊತೆ ಸುಣ್ಣದಲ್ಲಿ ಊರೊಳಗೆ ಹಳೆ ಕೆರೆಯ ಗೆರೆ ಎಳೆಯುತ್ತೇವೆ. ಕಬಡ್ಡಿ ಅಂಕಣಕ್ಕೆ ಹಾಕುತ್ತೇವಲ್ಲ, ಹಾಗೆ.


ಕಾಲುವೆ ಪಕ್ಕದ ಮನೆ
ಮೇ 13, ರಾತ್ರಿ 11:15

ಸರ್, ನಾನು ಇಲ್ಲಿ ಬರೆಯುವವಳಲ್ಲ, ಓದುವವಳು. ಆದರೆ ಇದನ್ನು ಹೇಳಲೇಬೇಕು.

ಸುಣ್ಣದ ಗೆರೆ ಎಳೆಯಬೇಡಿ. 2016ರಲ್ಲಿ ಬೆಂಗಳೂರಿನಲ್ಲಿ ರಾಜಕಾಲುವೆ ಒತ್ತುವರಿ ತೆರವು ನಡೆದಾಗ ನಮ್ಮ ಬೀದಿಯಲ್ಲಿ ಗುರುತು ಹಾಕಿಕೊಂಡು ಹೋದರು. ಗುರುತಿನ ಈಚೆಗೆ ಬಂದ ಮನೆ ಉಳಿಯಿತು, ಆಚೆಗೆ ಬಂದದ್ದು ಹೋಯಿತು. ನಮ್ಮದರಲ್ಲಿ ಅಡುಗೆಮನೆ ಹೋಯಿತು. ನನ್ನ ಅಪ್ಪ ಸಾಲ ಮಾಡಿ, ನೋಂದಣಿ ಮಾಡಿಸಿ, ಕಂದಾಯ ಕಟ್ಟಿ ಕೊಂಡ ಸೈಟು. ಕೆರೆ ಕಾಲುವೆ ಅಂತ ಮಾರಿದವನು ಹೇಳಿರಲಿಲ್ಲ. ಮಾರಿದವನಿಗೆ ಏನೂ ಆಗಲಿಲ್ಲ.

ಕೆರೆ ಹಾಳಾಗಬಾರದು, ನಾನೂ ಒಪ್ಪುತ್ತೇನೆ. ಆದರೆ ಬೆಳಿಗ್ಗೆ ಎದ್ದು ಬಾಗಿಲು ತೆಗೆದಾಗ ಮನೆ ಮುಂದೆ ಬಿಳಿ ಗೆರೆ ಕಂಡರೆ ಆ ಲೇಔಟಿನ ಹೆಂಗಸರಿಗೆ ಏನನ್ನಿಸುತ್ತದೆ ಅಂತ ಯೋಚಿಸಿ. ಅವರಿಗೆ ಅದು ಕಲೆ ಅಲ್ಲ. ಸರ್ವೆಯವರು ಬಂದ ಹಾಗೆ. ನಿಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟು ಜನ ಆ ಮನೆಗಳವರು?


ಚಿತ್ರದ ಮೇಷ್ಟ್ರು
ಮೇ 14, ಬೆಳಿಗ್ಗೆ 5:40

ತಾಯಿ, ನಿಮ್ಮ ಮಾತು ಓದಿ ನಿದ್ದೆ ಬರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲೇ ಹದಿನೇಳು ಮಕ್ಕಳು ಆ ಲೇಔಟಿನವರು. ಗೆರೆ ಎಳೆಯುವುದಿಲ್ಲ. ಹೇಳಿದ್ದು ದೊಡ್ಡ ಉಪಕಾರ ಆಯ್ತು.


ಹಸೆಗೋಡೆ
ಮೇ 14, ಬೆಳಿಗ್ಗೆ 9:10

ಮೇಷ್ಟ್ರೇ, ಬಿಟ್ಟುಬಿಡಬೇಡಿ. ಗೆರೆ ಯಾರು ಎಳೆಯುತ್ತಾರೆ ಅನ್ನುವುದರ ಮೇಲೆ ಅಲ್ವಾ ಹೆದರಿಕೆ ಇರುವುದು? ಹೊರಗಿನವರು ಬಂದು ಮನೆ ಮುಂದೆ ಎಳೆದರೆ ಅದು ನೋಟಿಸು. ಮನೆಯವಳೇ ನೀರು ಚಿಮುಕಿಸಿ, ಬೆರಳಲ್ಲಿ ಬಿಟ್ಟರೆ ಅದು ರಂಗೋಲಿ. ಆ ಬೀದಿಯ ಹೆಂಗಸರು ದಿನಾ ಹೇಗೂ ಬಿಡುತ್ತಾರೆ. ಮೊದಲು ಮನೆ ಮನೆಗೆ ಹೋಗಿ ಮಾತಾಡಿ. ಜೂನ್ 5ರ ಬೆಳಿಗ್ಗೆ ಚುಕ್ಕಿ ರಂಗೋಲಿ ಬದಲು ಮೀನು, ಹಕ್ಕಿ, ತಾವರೆ ಬಿಡಿ ಅಂತ ಕೇಳಿ. ಇಷ್ಟ ಇದ್ದವರು ಬಿಡಲಿ. ಬೇಡ ಅಂದವರನ್ನು ಬಲವಂತ ಮಾಡಬೇಡಿ. ಗುರುತಿನ ಗೆರೆ ಹಾಕುವುದಾದರೆ ನಿಮ್ಮ ಶಾಲೆ ಗೋಡೆಗೆ ಹಾಕಿ. ಅದು ಯಾರ ಮನೆಯೂ ಅಲ್ಲ.


ಕಾಲುವೆ ಪಕ್ಕದ ಮನೆ
ಮೇ 14, ಬೆಳಿಗ್ಗೆ 9:45

ಇದಾದರೆ ಸರಿ ಅಕ್ಕ. ನಮ್ಮ ಅಮ್ಮನನ್ನು ಹೀಗೆ ಕೇಳಿದ್ದರೆ ಖಂಡಿತ ಬಿಡುತ್ತಿದ್ದರು.


ಚಿತ್ರದ ಮೇಷ್ಟ್ರು
ಜೂನ್ 6, ರಾತ್ರಿ 9:20

ನಿನ್ನೆ ಮುಗಿಯಿತು. ಉದ್ದ ಬರೆಯುತ್ತೇನೆ, ಕ್ಷಮಿಸಿ.

ಗಾರೆ ಕೆಲಸದ ಇಬ್ಬರು, ಹನ್ನೊಂದು ಮಕ್ಕಳು, ನಾನು. ಕೋಡಿ ಕಲ್ಲು ಮುಳ್ಳಿನೊಳಗೆ ಹುದುಗಿತ್ತು, ಆದರೆ ಒಡೆದಿರಲಿಲ್ಲ. ಪೈಪಿನಲ್ಲಿ ಮಟ್ಟ ಸಾಗಿಸುತ್ತಾ ಬಂದೆವು. ಶಾಲೆ ಗೋಡೆ ಹತ್ತಿರ ಬಂದಾಗ ಗೋಡೆಯ ಬುಡದಿಂದ ಎರಡೂಮುಕ್ಕಾಲು ಅಡಿ ಮೇಲೆ ಗುರುತು ಬಿತ್ತು. ಅಂದರೆ ರಸ್ತೆಯೂ ನಮ್ಮ ಕಾಂಪೌಂಡೂ ಹಳೆ ಕೆರೆಯೊಳಗೇ ಇವೆ. ನನಗೆ ಗೊತ್ತಿರಲಿಲ್ಲ. 19 ವರ್ಷ ಕೆರೆಯೊಳಗೆ ನಿಂತು ಪಾಠ ಮಾಡಿದ್ದೇನೆ.

ಗುರುತು ಹಾಕುವಾಗ ಒಬ್ಬ ಅಜ್ಜಿ ನಿಂತು ನೋಡುತ್ತಿದ್ದರು. ಹಿಂದೆ ಊರವರ ಬಟ್ಟೆ ಒಗೆಯುತ್ತಿದ್ದ ಮನೆಯವರು. "ಮೇಷ್ಟ್ರೇ, ನೀರು ಇಲ್ಲಿಗೇ ನಿಲ್ತಿರ್ಲಿಲ್ಲ" ಅಂದರು. ನಮ್ಮನ್ನು ಕರೆದುಕೊಂಡು ಹೋಗಿ ಗುಜರಿ ಅಂಗಡಿ ಹಿಂದೆ ಒಂದು ಕಲ್ಲು ತೋರಿಸಿದರು. ಒಗೆದು ಒಗೆದು ನಡುವೆ ತಗ್ಗಾದ ಕಲ್ಲು. ಪೈಪ್ ಹಿಡಿದು ನೋಡಿದರೆ ಆ ಕಲ್ಲು ಸರಿಯಾಗಿ ನೀರಂಚಿನಲ್ಲಿ ಬರುತ್ತದೆ. ನಾವು ನಕ್ಷೆ ನೋಡಿ ಅಂಚು ಅಂದುಕೊಂಡದ್ದಕ್ಕಿಂತ 40 ಅಡಿ ಆಚೆಗೆ. ಗಾರೆಯವರು ಕಲ್ಲನ್ನು ಮುಟ್ಟಿ ನಮಸ್ಕಾರ ಮಾಡಿದರು.

ಗೋಡೆ ಹೀಗಾಗಿದೆ. ಪೂರ್ತಿ ಸುಣ್ಣ. ಎರಡೂಮುಕ್ಕಾಲು ಅಡಿಯಲ್ಲಿ ಈ ತುದಿಯಿಂದ ಆ ತುದಿಗೆ ಒಂದೇ ನೀರಿನ ಗೆರೆ. ಗೆರೆಯ ಕೆಳಗೆ ಕೆಮ್ಮಣ್ಣು ಮತ್ತು ಕಾಡಿಗೆಯಲ್ಲಿ ಕೆರೆಯ ಜೀವಗಳು, ಇದ್ದ ಅಳತೆಯಲ್ಲೇ. ಹೆಸರುಗಳನ್ನು ಮಕ್ಕಳು ತಮ್ಮ ತಾತ ಅಜ್ಜಿಯರನ್ನು ಕೇಳಿಕೊಂಡು ಬಂದರು. ಕೊರಮೀನು, ಹಾವುಮೀನು, ಚೇಳುಮೀನು, ಗೆಂಡೆ, ಆಮೆ, ಗುಳುಮುಳುಕ, ನೀರುಕಾಗೆ, ಜೊಂಡು. ಗೆರೆಯ ಮೇಲೆ ಏನೂ ಬರೆದಿಲ್ಲ, ಬರೀ ಬಿಳಿ. ಘೋಷಣೆ ಇಲ್ಲ. ಬಸ್ಸಿಗೆ ಕಾಯುವವರು ಗೋಡೆ ಮುಂದೆ ನಿಂತರೆ ಸೊಂಟದವರೆಗೆ ನೀರಿನಲ್ಲಿ ನಿಂತ ಹಾಗೆ ಕಾಣುತ್ತದೆ. ನಿನ್ನೆ ಒಬ್ಬ ಹಿರಿಯರು ಹಾವುಮೀನಿನ ಚಿತ್ರ ತೋರಿಸಿ, ಇದು ಇನ್ನೂ ಉದ್ದ ಇರುತ್ತಿತ್ತು ಅಂತ ಹುಡುಗರ ಹತ್ತಿರ ವಾದ ಮಾಡಿದರು. ಎರಡು ಬಸ್ ಬಿಟ್ಟರು.

ರಂಗೋಲಿ ವಿಷಯ. ನೀರಂಚಿನ ಉದ್ದಕ್ಕೂ 41 ಮನೆ. ಎಲ್ಲ ಮನೆಗೂ ಹೋದೆವು. ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬರು ಜೋರಾಗಿಯೇ ಬೈದರು, ನಾನು ಕೂತು ಕೇಳಿಸಿಕೊಂಡೆ. 23 ಮನೆಯವರು ಬಿಟ್ಟರು. ಬೈದವರ ಸೊಸೆ ಮಧ್ಯಾಹ್ನ ಆದ ಮೇಲೆ ಒಂದು ಸಣ್ಣ ಮೀನು ಬಿಟ್ಟಿದ್ದಾರೆ, ಹೊಸಿಲಿಗೆ ಹತ್ತಿರವಾಗಿ.

ಮಾತಾಡಲು ಹೋದಾಗ ಗೊತ್ತಾದದ್ದು ಇನ್ನೊಂದಿದೆ. ಆ ಮನೆಗಳಿಗೆ ಮೂರು ವರ್ಷದಿಂದ ಮಳೆಗಾಲದಲ್ಲಿ ನೀರು ನುಗ್ಗುತ್ತಿದೆ. ಮೇಲಿನಿಂದ ಬರುವ ಕಾಲುವೆಯನ್ನು ಯಾರೋ ಮುಚ್ಚಿದ್ದಾರೆ. ಅದನ್ನು ಬಿಡಿಸಿ ಅಂತ ಅವರೇ ಅರ್ಜಿ ಬರೆದಿದ್ದಾರೆ. ಇವತ್ತು 30 ಜನ ಸಹಿ ಹಾಕಿದರು. ನಾನೂ ಹಾಕಿದೆ. ಜಾಲಿ ಕಡಿದು ಕೋಡಿ ಬಿಡಿಸಲು ಮುಂದಿನ ಭಾನುವಾರ ಸೇರುತ್ತೇವೆ.


ಕಾಲುವೆ ಪಕ್ಕದ ಮನೆ
ಜೂನ್ 6, ರಾತ್ರಿ 10:05

ಸರ್, ಅರ್ಜಿಯ ಪ್ರತಿಗೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ನಾವು ಆವಾಗ ಹಾಕಿಸಿಕೊಂಡಿರಲಿಲ್ಲ.


ನೀರುಗಂಟಿ ಮೊಮ್ಮಗ
ಜೂನ್ 6, ರಾತ್ರಿ 10:30

ಭಾನುವಾರ ನಾನೂ ಬರುತ್ತೇನೆ. ಬಸ್ ಎಷ್ಟು ಗಂಟೆಗೆ ಹೇಳಿ. ಮಚ್ಚು, ಗುದ್ದಲಿ ನಾನೇ ತರುತ್ತೇನೆ. ತೂಬಿನ ಕಲ್ಲು ಸಿಕ್ಕರೆ ಯಾರೂ ಅಲ್ಲಾಡಿಸುವುದು ಬೇಡ, ಮೊದಲು ಸುತ್ತಲಿನ ಗೋಡು ತೆಗೆಯಬೇಕು.


ಹಸೆಗೋಡೆ
ಜೂನ್ 6, ರಾತ್ರಿ 10:48

ಗೋಡೆಯ ಫೋಟೋ ಹಾಕಿ ಮೇಷ್ಟ್ರೇ. ಆ ಅಜ್ಜಿ ಒಪ್ಪಿದರೆ ಅವರು ಪಕ್ಕದಲ್ಲಿ ನಿಂತಿರಲಿ, ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಕಾಣಬೇಕು. ಮೊದಲ ಜೋರು ಮಳೆ ಆದ ಮೇಲೆ ಕೆಮ್ಮಣ್ಣು ಎಷ್ಟು ನಿಂತಿದೆ ಅಂತಲೂ ತಿಳಿಸಿ. ಸುಣ್ಣಕ್ಕೆ ಅಂಟು ಸಾಲದಿದ್ದರೆ ಅಕ್ಕಿ ಗಂಜಿ ಬೆರೆಸುವುದು ಹೇಗೆ ಅಂತ ಹೇಳುತ್ತೇನೆ.